ಲೈಕ್ ಅಂದ್ರೆ ಬರೀ ಇಷ್ಟ ಅಲ್ಲ

ಇಂಗ್ಲಿಷಿನ ‘ಲೈಕ್’ ನಮ್ಮಲ್ಲಿ ಪ್ರಾಥಮಿಕ ಶಾಲೆಯ ಮಗುವಿಗೂ ಗೊತ್ತು. ಮಾವಿನಹಣ್ಣು ಇಷ್ಟ ಎನ್ನಲು ಒಂದು ಲೈಕ್, ಮೂಗು ಅಪ್ಪನ ಹಾಗಿದೆ ಎನ್ನಲು ಇನ್ನೊಂದು. ಪಾಠ ಅಲ್ಲಿಗೆ ಮುಗಿಯಿತು. 2009ರಲ್ಲಿ ಫೇಸ್‌ಬುಕ್ಕು ಹೆಬ್ಬೆರಳಿನ ಗುಂಡಿ ತಂದ ಮೇಲೆ ಅದು ಕನ್ನಡದ್ದೂ ಆಯಿತು: ಈಗ ಲೈಕು ಬರುತ್ತದೆ, ಲೈಕು ಬೀಳುತ್ತದೆ, ಲೈಕಿಗಾಗಿ ಜನ ಏನೇನೋ ಮಾಡುತ್ತಾರೆ. (ಕರಾವಳಿಯವರು ‘ಲಾಯ್ಕ’ ಎಂದರೆ ಅದು ಬೇರೆಯೇ, ಅರಬ್ಬಿ ಮೂಲದ ‘ಲಾಯಕ್ಕು’ ಅಲ್ಲಿ ಚೆಂದ ಎಂಬ ಅರ್ಥ ಪಡೆದು ನೆಲೆಸಿದೆ.) ಇಷ್ಟೆಲ್ಲ ಬಲ್ಲವರೂ ಅಮೆರಿಕದ ಹೈಸ್ಕೂಲು ಹುಡುಗಿಯರ ಹಾಸ್ಯಚಿತ್ರದೆದುರು ಕೂತರೆ ಸ್ವಲ್ಪ ಹೊತ್ತಿಗೇ ತಬ್ಬಿಬ್ಬಾಗುತ್ತಾರೆ. ಅಲ್ಲಿನ ಲೈಕಿಗೆ ಇಷ್ಟವೂ ಇಲ್ಲ, ಹೋಲಿಕೆಯೂ ಇಲ್ಲ. ಆಡುಮಾತಿನ ಇಂಗ್ಲಿಷ್ ಕಲಿಯಲು ಇಂಥ ಚಿತ್ರ ನೋಡಿ ಎನ್ನುವ ಸಲಹೆಯನ್ನು ನಾನು ಒಪ್ಪುತ್ತೇನೆ, ಅದಕ್ಕೆ ಕೊಡುವ ಕಾರಣವನ್ನಲ್ಲ. ಹೊಸ ಪದ ಸಿಗುತ್ತವೆ ಎನ್ನುತ್ತಾರೆ. ಗಮನಿಸಬೇಕಾದದ್ದು, ಗೊತ್ತಿರುವ ಪದವೇ ಅಲ್ಲಿ ಮಾಡುವ ಬೇರೆ ಕೆಲಸ.

ಇದಕ್ಕೆ ಒಳ್ಳೆಯ ಸಾಕ್ಷಿ 1995ರ ‘ಕ್ಲೂಲೆಸ್’. ಜೇನ್ ಆಸ್ಟೆನ್ನಳ ‘ಎಮ್ಮಾ’ ಕಾದಂಬರಿಯನ್ನು ಏಮಿ ಹೆಕರ್ಲಿಂಗ್ ಬೆವರ್ಲಿ ಹಿಲ್ಸ್‌ನ ಶಾಲೆಗೆ ಸಾಗಿಸಿದ ಚಿತ್ರ ಅದು. ನಾಯಕಿ ಶೇರ್, ಹೊಸದಾಗಿ ಬಂದ ತಾಯ್ ಎಂಬ ಹುಡುಗಿಯನ್ನು ತಿದ್ದಲು ಹೊರಟು, ಒಂದು ತೂಕದ ಪದ ಕಲಿಸಿ ಇವತ್ತೇ ಬಳಸು ಎನ್ನುತ್ತಾಳೆ: ‘ಸ್ಪೊರ್ಯಾಡಿಕ್’, ಎಂದರೆ ಆಗೊಮ್ಮೆ ಈಗೊಮ್ಮೆ. ಮತ್ತೆ ಸಿಗೋಣ ಎಂದವನಿಗೆ ತಾಯ್ ಅದೇ ಪದವನ್ನು ತುರುಕಿ ಉತ್ತರಿಸುತ್ತಾಳೆ. ಅರ್ಥ ಸರಿ, ವ್ಯಾಕರಣಕ್ಕೂ ಧಕ್ಕೆಯಿಲ್ಲ. ಆದರೂ ನಗು ಬರುತ್ತದೆ, ಏಕೆಂದರೆ ಬೀಳ್ಕೊಡುವಾಗ ಯಾರೂ ಹಾಗೆ ಮಾತಾಡುವುದಿಲ್ಲ. ದಿನಕ್ಕೈದು ಪದ ಬಾಯಿಪಾಠ ಮಾಡುವ ನಮ್ಮ ಸ್ಪೋಕನ್ ಇಂಗ್ಲಿಷ್ ತರಗತಿಗಳ ವಿಮರ್ಶೆ ಆ ಒಂದೇ ದೃಶ್ಯದಲ್ಲಿದೆ. ಕಲಿಸುವ ಶೇರ್‌ಳ ಮಾತಿನಲ್ಲೋ, ಯಾರೂ ಕಲಿಸದ ಲೈಕುಗಳು ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿರುತ್ತವೆ.

ಆ ಲೈಕುಗಳನ್ನು ಬಿಡಿಸಿ ನೋಡಿದರೆ ಅವು ಬರೀ ತಡವರಿಕೆಯಲ್ಲ. ಸಂಖ್ಯೆಯ ಹಿಂದೆ ಬಂದರೆ ‘ಸುಮಾರು’. ಹೇಳಲು ಮುಜುಗರವಾದದ್ದರ ಹಿಂದೆ ಬಂದರೆ ನಮ್ಮ ‘ಒಂಥರಾ’. ಎಲ್ಲಕ್ಕಿಂತ ಸ್ವಾರಸ್ಯದ್ದು, ‘ಅವಳು ಹೇಳಿದಳು’ ಎನ್ನಬೇಕಾದಲ್ಲಿ ‘ಶಿ ವಾಸ್ ಲೈಕ್’ ಎನ್ನುವುದು. ಈ ಬಳಕೆಯನ್ನು 1982ರಲ್ಲಿ ಭಾಷಾವಿಜ್ಞಾನಿ ರೊನಾಲ್ಡ್ ಬಟರ್ಸ್ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯಲ್ಲಿ ಗುರುತಿಸಿದರು. ಅದೇ ವರ್ಷ ರಾಕ್ ಸಂಗೀತಗಾರ ಫ್ರಾಂಕ್ ಜಪ್ಪಾ ತನ್ನ ಹದಿಹರೆಯದ ಮಗಳನ್ನು ಸೇರಿಸಿಕೊಂಡು ಕ್ಯಾಲಿಫೋರ್ನಿಯಾದ ಹುಡುಗಿಯರ ಮಾತಿನ ಧಾಟಿಯನ್ನು ಹಾಡಿನಲ್ಲಿ ಗೇಲಿ ಮಾಡಿದ. ‘ಹೇಳಿದಳು’ ಎಂದರೆ ಆಡಿದ ಮಾತಿಗೆ ಹೊಣೆ ಬರುತ್ತದೆ. ‘ಲೈಕ್’ ಎಂದರೆ ಆಡಿದ್ದನ್ನೂ, ಮನಸ್ಸಿನಲ್ಲೇ ಅಂದುಕೊಂಡದ್ದನ್ನೂ, ಬರೀ ಮುಖ ಸಿಂಡರಿಸಿದ್ದನ್ನೂ ಅಭಿನಯಿಸಿ ತೋರಿಸಬಹುದು. ಕನ್ನಡಿಗರಿಗೆ ಇದು ಹೊಸತಾಗಬೇಕಿಲ್ಲ. ನಮ್ಮ ‘ಅಂತ’ ಎಂದಿನಿಂದಲೂ ಈ ಕೆಲಸ ಮಾಡುತ್ತಿದೆ: ‘ಬರ್ತೀನಿ ಅಂತ ಅಂದ’, ‘ಹೋಗೋಣ ಅಂತಿದ್ದೆ’, ‘ದಡ್ ಅಂತ ಬಿದ್ದ’. ಮಾತು, ಯೋಚನೆ, ಸದ್ದು ಮೂರಕ್ಕೂ ಒಂದೇ ಪದ. ಹೀಗಿದ್ದೂ ನಮ್ಮ ಪುಸ್ತಕಗಳು ‘ಡೈರೆಕ್ಟ್’, ‘ಇನ್‌ಡೈರೆಕ್ಟ್’ ಎಂದು ಪುಟಗಟ್ಟಲೆ ವಾಕ್ಯ ತಿರುಗಿಸಲು ಹಚ್ಚುತ್ತವೆಯೇ ಹೊರತು ಲೈಕಿನ ಪಕ್ಕ ‘ಅಂತ’ವನ್ನು ಇಟ್ಟು ತೋರಿಸುವುದಿಲ್ಲ.

ಸಿನಿಮಾ ಮಾತು ನಿಜವಾದ ಮಾತಲ್ಲ, ಯಾರೋ ಬರೆದುಕೊಟ್ಟದ್ದು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಹೆಕರ್ಲಿಂಗ್ ಬೆವರ್ಲಿ ಹಿಲ್ಸ್ ಹೈಸ್ಕೂಲಿನ ತರಗತಿಗಳಲ್ಲಿ ಕೂತು ಮಕ್ಕಳ ಮಾತನ್ನು ಕೇಳಿಸಿಕೊಂಡವರು; ಆದರೂ ಚಿತ್ರಕ್ಕೆ ಬರುವಾಗ ಅದನ್ನು ದಟ್ಟವಾಗಿಸಿದ್ದಾರೆ. ಆದ್ದರಿಂದ ಲೈಕು ಎಷ್ಟು ಸಲ ಬಂತೆಂದು ಅಲ್ಲಿ ಎಣಿಸಬಾರದು, ಎಲ್ಲಿ ಕೂತಿತೆಂದು ನೋಡಬೇಕು. ಇಂಗ್ಲಿಷ್ ಅಡಿಬರಹ ಹಾಕಿಕೊಂಡು ಎರಡು ನಿಮಿಷದ ತುಣುಕನ್ನೇ ಮತ್ತೆ ಮತ್ತೆ ನೋಡಿದರೆ ಅದು ಕಿವಿಗೆ ಹತ್ತುತ್ತದೆ. ಇಂಟರ್‌ವ್ಯೂನಲ್ಲಿ ಹೀಗೆ ಮಾತಾಡಿದರೆ ಕೆಲಸ ಸಿಗುತ್ತದೆಯೇ ಎಂದು ಕೇಳುವವರಿದ್ದಾರೆ. ಸಿಗಲಿಕ್ಕಿಲ್ಲ, ಹಾಗೆ ಮಾತಾಡಬೇಕಾಗಿಯೂ ಇಲ್ಲ. ಆದರೆ ಕೆಲಸ ಸಿಕ್ಕ ಮೇಲೆ ಅಮೆರಿಕದ ಸಹೋದ್ಯೋಗಿ ಫೋನಿನಲ್ಲಿ ‘ಲೈಕ್ ಟೂ ಅವರ್ಸ್’ ಎಂದರೆ ಅದು ಸುಮಾರು ಎರಡು ಗಂಟೆ, ಕರಾರುವಾಕ್ಕಾಗಿ ಎರಡಲ್ಲ ಎಂದು ಬೆಂಗಳೂರಿನಲ್ಲಿ ಕೂತವರಿಗೆ ತಿಳಿಯಬೇಕಲ್ಲ. ಇನ್ನು ಇದು ಹುಡುಗಿಯರು ಭಾಷೆ ಕೆಡಿಸಿದ್ದು ಎಂಬ ದೂರು: ಇಂಗ್ಲೆಂಡಿನ ಉತ್ತರದ ಹಳ್ಳಿಗರು ಕ್ಯಾಲಿಫೋರ್ನಿಯಾದ ಹುಡುಗಿಯರಿಗಿಂತ ಬಹಳ ಮೊದಲೇ ವಾಕ್ಯದ ಕೊನೆಗೆ ಲೈಕ್ ಸೇರಿಸಿ ಮಾತಾಡುತ್ತಿದ್ದರು. ಅವರನ್ನು ಯಾರೂ ಹಾಡು ಕಟ್ಟಿ ಗೇಲಿ ಮಾಡಿದಂತಿಲ್ಲ.

ಚಿತ್ರದ ಮಾತು ಬೇಗ ಹಳತಾಗುತ್ತದೆ ಎಂಬ ಮಾತು ಮಾತ್ರ ಪೂರ್ತಿ ನಿಜ, ಮತ್ತು ಅದು ನನ್ನ ವಾದದ ಪರವಾಗಿಯೇ ಇದೆ. ಹಳತಾಗುವುದು ಥಳಥಳಿಸುವ ಪದಗಳು. ಟೀನಾ ಫೇ ಚಿತ್ರಕಥೆ ಬರೆದ 2004ರ ‘ಮೀನ್ ಗರ್ಲ್ಸ್’ನಲ್ಲಿ ಗ್ರೆಚೆನ್ ಎಂಬ ಹುಡುಗಿ ‘ಫೆಚ್’ ಎಂಬ ಪದವನ್ನು ‘ಭಾರಿ ಚೆನ್ನಾಗಿದೆ’ ಎಂಬ ಅರ್ಥದಲ್ಲಿ ಚಾಲ್ತಿಗೆ ತರಲು ಹೆಣಗುತ್ತಾಳೆ; ಅದು ನಡೆಯುವುದಿಲ್ಲ, ಬಿಟ್ಟುಬಿಡು ಎಂದು ಗುಂಪಿನ ರಾಣಿ ರೆಜಿನಾ ಗದರುತ್ತಾಳೆ. ಚಿತ್ರ ಜಗತ್ತೆಲ್ಲ ಓಡಿತು. ‘ಫೆಚ್’ ಇವತ್ತಿಗೂ ಆ ಚಿತ್ರವನ್ನು ನೆನೆದು ನಗುವಾಗಷ್ಟೇ ಬಳಕೆಯಲ್ಲಿದೆ.