ಕಾಲು ಎಣಿಸುವ ಕೆಲಸ

ವಿಟ್ಲದ ನಮ್ಮ ತೋಟದಲ್ಲಿ ಒಂದು ಬೆಳಿಗ್ಗೆ ಕಾಳುಮೆಣಸಿನ ಎಲೆಯ ಮೇಲೆ ಒಂಟಿ ಚಗಳಿ ಇರುವೆ ಕಂಡಿತು. ಮೊಬೈಲಿಗೆ ಮ್ಯಾಕ್ರೋ ಮಸೂರ ಸಿಕ್ಕಿಸಿ ಐದಾರು ಫೋಟೊ ಹೊಡೆದೆ. ಜಗಲಿಯಲ್ಲಿ ಕೂತು ಹಿಗ್ಗಿಸಿ ನೋಡಿದರೆ ಕಾಲು ಎಂಟು! ಮುಂದಿನ ಎರಡನ್ನು ಮೀಸೆಯ ಹಾಗೆ ಎತ್ತಿ ಆಡಿಸುತ್ತಿದ್ದದ್ದು ಜೇಡ. ಕಚ್ಚುವ ಚಗಳಿಯ ತಂಟೆಗೆ ಹೆಚ್ಚಿನವರು ಹೋಗುವುದಿಲ್ಲವಲ್ಲ, ಅದಕ್ಕೇ ಆ ವೇಷ. ಪಿಕಾರ್ಡ್-ಕೇಂಬ್ರಿಜ್ ಎಂಬ ಇಂಗ್ಲಿಷ್ ಪಾದ್ರಿ 1869ರಲ್ಲೇ ಈ ಜೇಡವನ್ನು ಗುರುತಿಸಿ ಹೆಸರಿಟ್ಟಿದ್ದ. ಅಂದಿನಿಂದ ನಾನು ಕಾಲು ಎಣಿಸದೆ ಯಾವ ಹುಳುವಿನ ಹೆಸರೂ ಹೇಳುವುದಿಲ್ಲ.

ಎಣಿಸುವುದು ನಮ್ಮ ಸೀಮೆಗೆ ಹೊಸತೇನಲ್ಲ. ಮೂಡುಬಿದಿರೆಯಲ್ಲಿ 1430ರ ಸುಮಾರಿಗೆ ಸಾವಿರ ಕಂಬದ ಬಸದಿ ಎದ್ದಾಗಲೇ ಜೈನರ ಲೆಕ್ಕ ಹಳತಾಗಿತ್ತು. ಅವರು ಎಣಿಸುತ್ತಿದ್ದದ್ದು ಕಾಲನ್ನಲ್ಲ, ಇಂದ್ರಿಯಗಳನ್ನು. ಎರೆಹುಳದಂಥವಕ್ಕೆ ಎರಡು, ಇರುವೆ ಹೇನುಗಳಿಗೆ ಮೂರು, ನೊಣ ದುಂಬಿಗಳಿಗೆ ನಾಲ್ಕು. ನೀರು ಸೋಸಿ ಕುಡಿಯುವುದಕ್ಕೂ ಹೊತ್ತು ಮುಳುಗುವ ಮೊದಲು ಉಣ್ಣುವುದಕ್ಕೂ ಹಿಂದೆ ಇದ್ದದ್ದು ಇಂಥ ಜೀವಗಳ ಮೇಲಿನ ಎಚ್ಚರ. ಆ ಲೆಕ್ಕದಲ್ಲಿ ಇರುವೆಗೆ ಕಣ್ಣಿಲ್ಲ. ನನ್ನ ಫೋಟೊಗಳಲ್ಲಿ ಚಗಳಿಯ ಕಪ್ಪು ಕಣ್ಣು ಫಳಫಳ ಹೊಳೆಯುತ್ತದೆ. ಎಣಿಕೆ ಒಂದು ಕಡಿಮೆಯಾಗಿರಬಹುದು, ಆದರೆ ಅವರು ಎಣಿಸಿದ್ದು ಕೊಲ್ಲದಿರುವುದಕ್ಕೆ.

ಯುರೋಪಿನವರು ಸೂಜಿ ಚುಚ್ಚಿ ಎಣಿಸಿದರು. 1775ರಲ್ಲಿ ಫ್ಯಾಬ್ರಿಷಿಯಸ್ ಚಗಳಿಗೆ ಇಟ್ಟ 'ಸ್ಮರಾಗ್ಡಿನಾ' ಎಂಬ ಹೆಸರಿಗೆ ಪಚ್ಚೆಯ ಬಣ್ಣದ್ದು ಎಂದರ್ಥ. ನಮ್ಮ ತೋಟದ ಕೆಲಸಗಾರ ಚಗಳಿಗಳು ಇಟ್ಟಿಗೆ ಕೆಂಪು. ಹಸಿರು ಇರುವುದು ರಾಣಿಗೆ. 1903ರಲ್ಲಿ ಬಿಂಗ್‌ಹ್ಯಾಮ್ ಬ್ರಿಟಿಷ್ ಇಂಡಿಯಾದ ಇರುವೆಗಳ ಮತ್ತು ಕುಕೂ ಕಣಜಗಳ ಮೇಲೆ ಒಂದು ದಪ್ಪ ಸಂಪುಟ ಬರೆದ.

ಆಮೇಲೆ ಹುಳುಗಳನ್ನು ಗುರುತಿಸುವ ಕೆಲಸ ನಮ್ಮ ಮನೆಬಾಗಿಲಿಗೇ ಬಂತು. 1956ರಲ್ಲಿ ಬಂಟ್ವಾಳ ತಾಲೂಕಿನ ಈ ವಿಟ್ಲದಲ್ಲಿ ಕೇಂದ್ರ ಅಡಿಕೆ ಸಂಶೋಧನಾ ಕೇಂದ್ರ ತೆರೆಯಿತು. ಮರುವರ್ಷವೇ ಅಡಿಕೆಯ ಸುಳಿ ತಿಗಣೆಗೆ ಶಾಸ್ತ್ರೀಯ ನಾಮಕರಣವಾಯಿತು: ಕಾರ್ವಾಲ್ಹೋಯಿಯ ಅರೆಕೆ. ಹೆಸರಿಟ್ಟವರು ಮಿಲ್ಲರ್ ಮತ್ತು ಚೈನಾ. ಚೈನಾ ಇಲ್ಲಿ ದೇಶವಲ್ಲ, ಮನುಷ್ಯ. ತೇಜಸ್ವಿಯವರ 'ಕರ್ವಾಲೊ' ಓದಿ ಬೆಳೆದ ನಾನು, ಇದು ಮಂಗಳೂರಿನ ಯಾರೋ ಕಾರ್ವಾಲೋ ಅವರ ನೆನಪಿಗೆ ಇಟ್ಟದ್ದೆಂದು ಬಹಳ ಕಾಲ ನಂಬಿದ್ದೆ. ಕಾದಂಬರಿ ಬಂದದ್ದು 1980ರಲ್ಲಿ. ತಿಗಣೆಗೆ ಹೆಸರು ಕೊಟ್ಟ ಕಾರ್ವಾಲೋ ಬ್ರೆಜಿಲ್ ದೇಶದ ತಿಗಣೆ ಪಂಡಿತ!

ಈ ಕೆಂಪು-ಕಪ್ಪು ತಿಗಣೆ ಎಲೆಬುಡದ ಸಂದಿಯಲ್ಲಿ ಅಡಗಿ ಎಳೆ ಸುಳಿಯ ರಸ ಹೀರುತ್ತದೆ. ಸುಳಿ ಬಿಚ್ಚಿದಾಗ ಎಲೆಯ ಮೇಲೆ ಕಂದು ಗೆರೆ, ಆಮೇಲೆ ಹರಕು. ಸಂಶೋಧನಾ ಕೇಂದ್ರದಲ್ಲಿ ಎಣಿಸಿದ್ದು ಕೊಲ್ಲುವುದಕ್ಕೇ; ತೋಟದ ಮೇಲೆ ಬದುಕುವ ನಾವು ಅದನ್ನು ತಪ್ಪೆನ್ನಲಾರೆವು.

ಈ ಎಣಿಕೆಗೆ ಕ್ಯಾಮೆರಾ ಬಂದದ್ದು ತಡವಾಗಿ. ಬೆಳ್ತಂಗಡಿಯ ನೆಂಟರ ಮನೆಗೆ ಹೋದಾಗಲೆಲ್ಲ ನಾನು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆ ಕ್ಯಾಮೆರಾಗಳ ಮುಂದೆ ನಿಲ್ಲುತ್ತೇನೆ. ನನ್ನ ಕಾಲದಲ್ಲಿ ಒಂದು ರೋಲಿಗೆ 36 ಫೋಟೊ. ಮ್ಯಾಕ್ರೋ ಮಸೂರಕ್ಕೆ ದುಡ್ಡಿಲ್ಲದೆ 50 ಮಿಲಿಮೀಟರ್ ಲೆನ್ಸನ್ನೇ ತಿರುವುಮುರುವು ಹಿಡಿದು, ಉಸಿರು ಕಟ್ಟಿ ಒತ್ತುತ್ತಿದ್ದೆ. ತೊಳೆಸಿ ತಂದರೆ 30ರಲ್ಲಿ ಬರೀ ಮಂಜು.

ಆ ದಿನಗಳಲ್ಲಿ ಸುಳಿಯಲ್ಲಿ ಕಂಡದ್ದೆಲ್ಲ ಶತ್ರು. ಎಲೆಬುಡಕ್ಕೆ ಹರಳು ಮದ್ದಿನ ಪೊಟ್ಟಣ ಸಿಕ್ಕಿಸಿದ್ದು ಇದೇ ಕೈ. ಅದರಲ್ಲಿ ಎಷ್ಟು ಎಂಟು ಕಾಲಿನವು ಸತ್ತವೋ, ಎಣಿಸಿದವರಾರು? ಮದ್ದನ್ನು ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಮೊದಲು ಫೋಟೊ, ಮತ್ತೆ ಕಾಲಿನ ಲೆಕ್ಕ. ಮದ್ದು ಅದರ ಮೇಲೆ.