ಮಾತು ನಿಂತ ಮೇಲೆ ಮಾತಾಡುವವರು ಯಾರು?

ಹೊನ್ನಾವರ ತಾಲೂಕಿನ ಹಳದೀಪುರದಿಂದ ಮುಂಬಯಿಗೆ ಹೋಗಿ, ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು ಅರುಣಾ ಶಾನಭಾಗ. ಮದುವೆ ನಿಶ್ಚಯವಾಗಿತ್ತು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಸ್ವಚ್ಛತಾ ನೌಕರನೊಬ್ಬ ಅವರ ಕುತ್ತಿಗೆಗೆ ನಾಯಿಯ ಸರಪಳಿ ಬಿಗಿದು ಲೈಂಗಿಕ ದೌರ್ಜನ್ಯವೆಸಗಿದ. ಆಮ್ಲಜನಕ ಸಿಗದೆ ಮೆದುಳು ಹಾನಿಗೀಡಾಯಿತು. ಅಂದಿನಿಂದ 2015ರ ಮೇ 18ರಂದು ಕೊನೆಯುಸಿರೆಳೆಯುವವರೆಗೆ ಅವರು ಹಾಸಿಗೆಯಿಂದ ಏಳಲಿಲ್ಲ.

ಈ ಸ್ಥಿತಿಗೆ ಕೊನೆ ಕಾಣಿಸಬೇಕೆಂದು ಲೇಖಕಿ ಪಿಂಕಿ ವಿರಾನಿ 2009ರಲ್ಲಿ ಸುಪ್ರೀಮ್ ಕೋರ್ಟಿನ ಮೊರೆಹೋದರು. ಆಸ್ಪತ್ರೆಯ ದಾದಿಯರು ಒಪ್ಪಲಿಲ್ಲ. ತಲೆಮಾರುಗಳ ಕಾಲ ಉಣಿಸಿ, ತೊಳೆದು ಸಲಹಿದವರು ಅವರು. 2011ರ ಮಾರ್ಚ್ 7ರಂದು ನ್ಯಾಯಾಲಯ ವಿರಾನಿಯವರ ಮನವಿಯನ್ನು ತಳ್ಳಿಹಾಕಿತು. ಅರುಣಾ ಪರವಾಗಿ ಮಾತಾಡುವ ಆಪ್ತರು ಈ ದಾದಿಯರೇ ಎಂದಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಇದ್ದರೆ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆಯಬಹುದೆಂಬ ದಾರಿಯನ್ನೂ ತೆರೆಯಿತು.

ಕರುಣೆ ಎರಡೂ ಕಡೆ ಇತ್ತು. ಇಲ್ಲದೇ ಇದ್ದದ್ದು ಅರುಣಾರ ಮಾತು. ಅವರು ಏನನ್ನು ಬಯಸುತ್ತಿದ್ದರು ಎಂದು ಹೇಳುವ ಒಂದು ಸಾಲೂ ಇರಲಿಲ್ಲ. ಇಪ್ಪತ್ತೈದರ ಹರೆಯದಲ್ಲಿ ಅಂಥದ್ದನ್ನು ಯಾರು ತಾನೇ ಬರೆದಿಡುತ್ತಾರೆ?

ಈ ಕೊರತೆಗೆ ಉತ್ತರ ಮತ್ತೊಂದು ಮೊಕದ್ದಮೆಯಿಂದ ಬಂತು. ‘ಕಾಮನ್ ಕಾಸ್’ ಸಂಸ್ಥೆ 2005ರಲ್ಲಿ ಹೂಡಿದ್ದ ಅರ್ಜಿಯನ್ನು ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು ತೀರ್ಮಾನಿಸಿತು. ಘನತೆಯ ಸಾವೂ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಸ್ವಸ್ಥಚಿತ್ತರಾದ ವಯಸ್ಕರು, ಗುಣವಾಗದ ಸ್ಥಿತಿಯಲ್ಲಿ ತಮಗೆ ಯಾವ ಚಿಕಿತ್ಸೆ ಬೇಡ, ಆಗ ತಮ್ಮ ಪರ ನಿರ್ಧರಿಸುವವರು ಯಾರು ಎಂದು ಮೊದಲೇ ಬರೆದಿಡಬಹುದಾಯಿತು. ಮದ್ದು ಚುಚ್ಚಿ ಪ್ರಾಣ ತೆಗೆಯುವುದು ಮಾತ್ರ ಅಪರಾಧವಾಗಿಯೇ ಉಳಿಯಿತು.

ಹಕ್ಕು ಬಂದರೂ ಬಾಗಿಲು ಕಿರಿದಾಗಿತ್ತು. ಪತ್ರಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಸಾಮಾನ್ಯರು ಎಲ್ಲಿ ಅಲೆದಾರು? ತೀವ್ರನಿಗಾ ವೈದ್ಯರ ಸಂಘದ ಅರ್ಜಿಯ ಮೇಲೆ 2023ರ ಜನವರಿಯಲ್ಲಿ ನ್ಯಾಯಾಲಯ ನಿಯಮ ಸಡಿಲಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಮನಸ್ಸು ಬದಲಾದರೆ ಹಿಂಪಡೆಯಬಹುದು. ಚಿಕಿತ್ಸೆ ನಿಲ್ಲಿಸುವ ಮುನ್ನ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಎರಡನೆಯ ಮಂಡಳಿಗೆ ಜಿಲ್ಲಾ ವೈದ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಇರಲೇಬೇಕು. ಕರ್ನಾಟಕ ಸರಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ ಇದನ್ನು ಜಾರಿಗೆ ತಂದಿತು.

ನಮ್ಮ ಮನೆಗಳಲ್ಲಿ ಆಸ್ತಿ ಹಂಚಿಕೆಗೆ ಉಯಿಲು ಬರೆಯುತ್ತಾರೆ. ಸಾವಿನ ಮಾತೆತ್ತಿದರೆ ಮಾತ್ರ ‘ಅಪಶಕುನ ನುಡಿಯಬೇಡ’ ಎಂದು ಬಾಯಿ ಮುಚ್ಚಿಸುತ್ತಾರೆ. ಫಲವಾಗಿ ವೆಂಟಿಲೇಟರಿನ ಮುಂದೆ ನಿಂತ ಮಕ್ಕಳು ತಂದೆಯ ಇಚ್ಛೆಯನ್ನು ಊಹಿಸಬೇಕಾಗುತ್ತದೆ. ಒಬ್ಬ ಮಗ ಬೇಕೆನ್ನುತ್ತಾನೆ, ಇನ್ನೊಬ್ಬ ಸಾಕೆನ್ನುತ್ತಾನೆ. ಸಾಕೆಂದವನು ಬದುಕಿಡೀ ಅಪರಾಧಿಭಾವ ಹೊರುತ್ತಾನೆ.

ಕೊನೆಯವರೆಗೂ ಚಿಕಿತ್ಸೆ ಬೇಕೆನ್ನುವವರೂ ಅದನ್ನು ಮನೆಯವರಿಗೆ ತಿಳಿಸಿಡಬೇಕು. ಅರುಣಾಗೆ ಆ ಅವಕಾಶವನ್ನು ಕಾನೂನೂ ಕೊಡಲಿಲ್ಲ, ಕಾಲವೂ ಕೊಡಲಿಲ್ಲ. ನಮಗೆ ಎರಡೂ ಇವೆ.