ಮೌನ ಓದಿಗೊಂದು ಅವಧಿ: ಆನವಟ್ಟಿ ಸೀಮೆಯ ಶಾಲೆಗಳ ನೆಲೆಯಲ್ಲಿ ಒಂದು ವಿಚಾರ

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುವ ಪದ್ಧತಿಯಿದೆ. ಆಮೇಲೆ ವಿದ್ಯಾರ್ಥಿ ಯಾರೊಡನೆಯೂ ಮಾತಾಡದೆ, ತನ್ನ ಓದು ಮತ್ತು ಬರಹವನ್ನಷ್ಟೇ ನೆಚ್ಚಿಕೊಂಡು ಗಂಟೆಗಟ್ಟಲೆ ಕೂರಬೇಕು. ಹತ್ತು ವರ್ಷಗಳ ಶಾಲಾ ಕಲಿಕೆಯನ್ನು ನಾವು ಅಳೆಯುವುದು ಈ ಶಕ್ತಿಯಿಂದಲೇ. ಆದರೆ ಇದನ್ನು ರೂಢಿಸಿಕೊಳ್ಳಲು ನಮ್ಮ ಶಾಲಾ ವೇಳಾಪಟ್ಟಿಯಲ್ಲಿ ಮೀಸಲಾದ ಹೊತ್ತು ಅಪರೂಪ. ಗ್ರಂಥಾಲಯದ ಅವಧಿ ಇದ್ದ ಕಡೆಯೂ ಅದು ಮುಗಿಯದ ಪಾಠಕ್ಕೆ ಹೋಗಿಬಿಡುತ್ತದೆ. ದಿನಕ್ಕೊಂದಿಷ್ಟು ಹೊತ್ತು ಸದ್ದಿಲ್ಲದೆ ಓದುವುದು, ಓದಿದ್ದರ ಬಗ್ಗೆ ಸ್ವಂತ ಮಾತಿನಲ್ಲಿ ಬರೆಯುವುದು ಭಾಷಾಬೋಧನೆಯ ನಡುಭಾಗ, ಪಾಠ ಮುಗಿದ ಮೇಲಿನ ಬಿಡುವಿನ ಕೆಲಸವಲ್ಲ ಎಂಬುದು ಈ ಲೇಖನದ ವಾದ. ಸೊರಬ ತಾಲ್ಲೂಕಿನ ಆನವಟ್ಟಿ ಹೋಬಳಿಯಂಥ ಕಡೆಯ ಚಿಕ್ಕ ಶಾಲೆಗಳಿಗೆ ಇದರ ಅಗತ್ಯವೂ ಹೆಚ್ಚು, ಅನುಕೂಲವೂ ಹೆಚ್ಚು.

ಈ ಸೀಮೆಗೆ ಓದಿನ ವ್ಯವಸ್ಥೆ ಹೊಸದಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು 1162ರ ಶಾಸನವೊಂದು ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನದ ನೆಲೆಯೆಂದು ವರ್ಣಿಸುತ್ತದೆ. ಅದೇ ಮಠವನ್ನು ದೀನರಿಗೂ ಅಂಗವಿಕಲರಿಗೂ ಅನ್ನ ಸಿಗುವ ಜಾಗವೆಂದೂ ಹೇಳುತ್ತದೆ. ಇನ್ನೂ ಹೆಚ್ಚು ಗಮನಿಸಬೇಕಾದದ್ದು ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ. ಅಲ್ಲಿನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದಲ್ಲಿ ವೇದ ಕಲಿಯುವ 200 ಮಂದಿ, ಶಾಸ್ತ್ರ ಕಲಿಯುವ 52 ಮಂದಿ ವಿದ್ಯಾರ್ಥಿಗಳಿಗೆ ಆರು ಉಪಾಧ್ಯಾಯರಿದ್ದರೆ, ಗ್ರಂಥಗಳನ್ನು ನೋಡಿಕೊಳ್ಳುವ ಸರಸ್ವತೀ ಭಂಡಾರಿಗಳೂ ಆರು ಮಂದಿ. ಕಂಠಪಾಠಕ್ಕೆ ಅಷ್ಟು ಬೆಲೆಯಿದ್ದ ಕಾಲದಲ್ಲೂ ಗ್ರಂಥದ ಪಾಲನೆಗೆ ಕಲಿಸುವವರಷ್ಟೇ ಜನರನ್ನು ನೇಮಿಸಿದ್ದರು. ಆ ವಿದ್ಯೆ ಎಲ್ಲ ಜಾತಿಯವರಿಗೂ ಹೆಂಗಸರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಅದನ್ನು ಹೊಗಳಿ ಕೂರುವುದು ನನ್ನ ಉದ್ದೇಶವಲ್ಲ. ಓದಿಗೆ ಜನ, ಜಾಗ, ದತ್ತಿಯನ್ನು ಮುಂಚಿತವಾಗಿ ಕಟ್ಟಿಡಬೇಕು ಎಂಬ ತಿಳಿವಳಿಕೆ ಈ ನೆಲದಲ್ಲಿತ್ತು ಎಂಬುದಷ್ಟೇ ನನಗೆ ಮುಖ್ಯ.

ಕನ್ನಡ ಲಿಪಿಯ ಸ್ವಭಾವವೇ ಈ ವಾದಕ್ಕೆ ಬಲವಾದ ಆಧಾರ. ಇಂಗ್ಲಿಷಿನ 26 ಅಕ್ಷರಗಳನ್ನು ಮಗು ಬೇಗ ಗುರುತಿಸುತ್ತದೆ, ಕಷ್ಟವೆಲ್ಲ ಕಾಗುಣಿತದ ಅಂಕುಡೊಂಕಿನಲ್ಲಿದೆ. ಕನ್ನಡದಲ್ಲಿ ಉಚ್ಚಾರಕ್ಕೂ ಬರಹಕ್ಕೂ ಹೊಂದಿಕೆಯಿದೆ, ಆದರೆ ಮೂಲಾಕ್ಷರ, ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರಜ್ಞಾನ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ನಿಧಾನವಾಗಿ ಬೆಳೆಯುತ್ತದೆಂದು ತೋರಿಸಿತು. ಒಂದೆರಡು ವರ್ಷದಲ್ಲಿ ಅಕ್ಷರ ಮುಗಿಯಿತೆಂದು ಲೆಕ್ಕ ಹಾಕುವ ನಮ್ಮ ಅಂದಾಜು ಇಲ್ಲಿ ತಪ್ಪುತ್ತದೆ. ವಿರಳವಾಗಿ ಬರುವ ಒತ್ತಕ್ಷರ ಮಗುವಿನ ಕಣ್ಣಿಗೆ ಒಗ್ಗಬೇಕಾದರೆ ಅದು ಬೇರೆ ಬೇರೆ ಪದಗಳಲ್ಲಿ ಮತ್ತೆ ಮತ್ತೆ ಎದುರಾಗಬೇಕು. ಪಠ್ಯಪುಸ್ತಕವೊಂದರಲ್ಲೇ ಅಷ್ಟು ಸಂದರ್ಭ ಸಿಗದು. ಓದಿನ ಸಂಶೋಧಕ ಡೇವಿಡ್ ಶೇರ್ 1995ರಲ್ಲಿ ಮಂಡಿಸಿದ ಸ್ವಯಂಕಲಿಕೆಯ ಸಿದ್ಧಾಂತ ಹೇಳುವುದೂ ಇದನ್ನೇ: ಹೊಸ ಪದವನ್ನು ತಾನೇ ಬಿಡಿಸಿ ಓದಿದ ಪ್ರತಿ ಸಲವೂ ಮಗು ಆ ಪದರೂಪವನ್ನು ತನ್ನದಾಗಿಸಿಕೊಳ್ಳುತ್ತದೆ. ಇಡೀ ತರಗತಿ ಒಂದೇ ದನಿಯಲ್ಲಿ ಪಾಠ ಹೇಳುವಾಗ ಪಕ್ಕದವನ ದನಿಗೆ ದನಿಗೂಡಿಸಿ ಈ ಬಿಡಿಸುವ ಕೆಲಸದಿಂದ ತಪ್ಪಿಸಿಕೊಳ್ಳಲು ಸಾಧ್ಯ. ಎದುರಿಗೆ ತನ್ನದೇ ಪುಸ್ತಕವಿದ್ದು ಸುತ್ತ ಸದ್ದಿಲ್ಲದಿದ್ದಾಗ ಸಾಧ್ಯವಿಲ್ಲ. ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ. 27.3, ಕೊರೋನಾ ಮುಚ್ಚುಗಡೆಯ ನಂತರ 2022ರಲ್ಲಿ ಶೇ. 20.5. ಅದು ಗಟ್ಟಿ ಓದಿನ ಅಳತೆ. ಅರ್ಥ ಹಿಡಿದು ಓದುವವರ ಪಾಲು ಇದಕ್ಕಿಂತ ಹೆಚ್ಚಿರಲಾರದು.

ಇನ್ನು ಶಾಲೆಯ ಒಳಗಿನ ಸ್ಥಿತಿ. ಮಲೆನಾಡಿನ ಸೆರಗಿನ ಊರುಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹಲವು ತರಗತಿಗಳು ಒಂದೇ ಕೋಣೆಯಲ್ಲಿ ನಡೆಯುವುದು ಸಾಮಾನ್ಯ. ಒಂದು ಗುಂಪು ಮಗ್ಗಿ ಹೇಳುತ್ತಿದ್ದರೆ ಇನ್ನೊಂದು ಗುಂಪಿಗೆ ಓದು ಹತ್ತುವುದಿಲ್ಲ. ಸದ್ದಿನ ಪರಿಣಾಮ ಊಹೆಯ ಮಾತಲ್ಲ: ನ್ಯೂಯಾರ್ಕಿನ ಶಾಲೆಯೊಂದರಲ್ಲಿ ರೈಲುಹಳಿಯ ಕಡೆಗಿದ್ದ ಕೋಣೆಗಳ ಮಕ್ಕಳು ಆಚೆ ಬದಿಯ ಮಕ್ಕಳಿಗಿಂತ ಓದಿನಲ್ಲಿ ಹಿಂದುಳಿದಿದ್ದನ್ನು ಸಂಶೋಧಕರಾದ ಬ್ರಾನ್ಜಾಫ್ಟ್ ಮತ್ತು ಮೆಕಾರ್ಥಿ 1975ರಲ್ಲೇ ತೋರಿಸಿದರು. ಎರಡು ಕೋಣೆಯ ಮನೆಯಲ್ಲಿ ಟಿವಿ, ಮೊಬೈಲು, ಹೊಲಗದ್ದೆಯ ಕೆಲಸದ ನಡುವೆ ಬೆಳೆಯುವ ಮಗುವಿಗೆ ಅಕ್ಷರದೊಡನೆ ಒಂಟಿಯಾಗಿರುವ ಜಾಗ ಬೇರೆಲ್ಲಿ ಸಿಕ್ಕೀತು? ಶಾಲೆ ಕೊಡದಿದ್ದರೆ ಅದು ಸಿಗುವುದೇ ಇಲ್ಲ. ಆದ್ದರಿಂದ ಇದು ಸಮಾನತೆಯ ಪ್ರಶ್ನೆಯೂ ಹೌದು. ಬಹುವರ್ಗ ಬೋಧನೆಯ ಕೋಣೆಯಲ್ಲಿ ಎಲ್ಲ ತರಗತಿಗಳೂ ಒಟ್ಟಿಗೆ ಮಾಡಬಹುದಾದ ಕೆಲವೇ ಕೆಲಸಗಳಲ್ಲಿ ಮೌನ ಓದು ಒಂದು. ಒಬ್ಬರೇ ಶಿಕ್ಷಕರಿದ್ದರೂ ಅದು ನಡೆಯುತ್ತದೆ.

ಇದಕ್ಕೆ ಎದುರಾಗುವ ಗಂಭೀರ ಆಕ್ಷೇಪ ಸಂಶೋಧನೆಯಿಂದಲೇ ಬಂದಿದೆ. ಅಮೆರಿಕದ ರಾಷ್ಟ್ರೀಯ ಓದು ಮಂಡಳಿ 2000ದ ತನ್ನ ವರದಿಯಲ್ಲಿ, ಮಾರ್ಗದರ್ಶನವಿಲ್ಲದ ಮೌನ ಓದಿನಿಂದ ಓದಿನ ಸರಾಗತೆ ಹೆಚ್ಚುತ್ತದೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದಿತು. ಈ ಮಾತನ್ನು ತಳ್ಳಿಹಾಕಲಾಗದು. ಆದರೆ ಪುರಾವೆ ಸಾಲದು ಎಂಬುದು ಪ್ರಯೋಜನವಿಲ್ಲ ಎಂಬ ತೀರ್ಮಾನವಲ್ಲ. ಪುಸ್ತಕ ಕೊಟ್ಟು ಕೈತೊಳೆದುಕೊಂಡರೆ ಓದಲು ಬಾರದ ಮಗು ಪುಟ ತಿರುವುತ್ತ ಕೂರುತ್ತದೆ ಎಂಬ ಎಚ್ಚರಿಕೆಯನ್ನು ನಾವು ಅದರಿಂದ ಪಡೆಯಬೇಕು. ಮಗುವಿನ ಮಟ್ಟಕ್ಕೆ ತಕ್ಕ ಪುಸ್ತಕಗಳನ್ನು ಶಿಕ್ಷಕರು ಮುಂದಿಡಬೇಕು, ಎಡವಿದವರ ಪಕ್ಕ ಮೆಲ್ಲಗೆ ಕೂರಬೇಕು, ಕೊನೆಗೆ ನಾಲ್ಕು ಸಾಲು ಬರೆಸಬೇಕು. ಬರಹದ ಪಾತ್ರ ಇಲ್ಲಿ ದೊಡ್ಡದು. ನಮ್ಮ ಮಕ್ಕಳು ಬರೆಯುವುದೇನೋ ಬಹಳ. ಕಾಪಿ, ಉಕ್ತಲೇಖನ, ಬೋರ್ಡಿನ ಮೇಲಿನ ಪ್ರಶ್ನೋತ್ತರ. ಸ್ವಂತ ವಾಕ್ಯ ಕಟ್ಟುವ ಸಂದರ್ಭ ಮಾತ್ರ ತೀರ ಕಡಿಮೆ. ಓದಿದ ಕತೆಯ ಬಗ್ಗೆ ತಾನೇ ಬರೆದ ನಾಲ್ಕು ಸಾಲು, ತಪ್ಪು ತುಂಬಿದ್ದರೂ, ನಕಲು ಮಾಡಿದ ನಾಲ್ಕು ಪುಟಕ್ಕಿಂತ ಮೇಲು. ಮಗುವಿಗೆ ಏನು ಅರ್ಥವಾಗಿದೆ ಎಂಬುದು ಶಿಕ್ಷಕರಿಗೆ ತಿಳಿಯುವುದೂ ಅಲ್ಲೇ.

ನಮ್ಮದು ದನಿಯ ಪರಂಪರೆ, ಗಮಕದ ನಾಡು, ಮೌನ ಓದು ಇಲ್ಲಿಗೆ ಪರಕೀಯ ಎಂಬ ಮಾತೂ ಇದೆ. ಸೊರಬವಿರುವ ಶಿವಮೊಗ್ಗ ಜಿಲ್ಲೆಯದೇ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಆದರೆ ಪದ ಬಿಡಿಸಿ ಅರ್ಥ ಹಿಡಿಯದ ಗಮಕಿ ಹಾಡಲಾರ. ಸಭೆಯ ವಾಚನದ ಹಿಂದೆ ಒಂಟಿ ಅಭ್ಯಾಸವಿದೆ. ಸಣ್ಣ ತರಗತಿಗಳಿಗೆ ಗಟ್ಟಿ ಓದು ಬೇಕೇ ಬೇಕು, ಅದನ್ನು ಕೈಬಿಡಿ ಎನ್ನುತ್ತಿಲ್ಲ. ‘ಕೈಕಟ್ಟು, ಬಾಯ್ಮುಚ್ಚು’ ಎಂಬ ಹಳೆಯ ಶಿಸ್ತು ಮರಳೀತು ಎಂಬ ಅಂಜಿಕೆ ಇನ್ನೂ ನ್ಯಾಯವಾದದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಬೋಧನಾ ಕ್ರಮ ಆ ಶಿಸ್ತಿನಿಂದ ಮಕ್ಕಳನ್ನು ಬಿಡಿಸಿತು, ಆ ಗಳಿಕೆಯನ್ನು ಕಳೆದುಕೊಳ್ಳಬಾರದು. ಹೆದರಿಸಿ ತರಿಸಿದ ಮೌನದಲ್ಲಿ ಓದು ನಡೆಯುವುದಿಲ್ಲ. ಪುಸ್ತಕವನ್ನು ಮಗುವೇ ಆರಿಸಿಕೊಳ್ಳಬೇಕು, ಹಿಡಿಸದಿದ್ದರೆ ಬದಲಿಸಬೇಕು, ಶಿಕ್ಷಕರೂ ಜೊತೆಗೆ ಕೂತು ಓದಬೇಕು. ಜಪಾನಿನ ಚಿಬಾ ಪ್ರಾಂತ್ಯದ ಪ್ರೌಢಶಾಲೆಯೊಂದರಲ್ಲಿ 1988ರಲ್ಲಿ ಶುರುವಾಗಿ ದೇಶದುದ್ದಕ್ಕೂ ಹಬ್ಬಿದ ಬೆಳಗಿನ ಹತ್ತು ನಿಮಿಷದ ಓದು ನಡೆದುಬಂದದ್ದು ಇದೇ ಕ್ರಮದಲ್ಲಿ.

ಪಠ್ಯ ಮುಗಿಸಲು ಹೊತ್ತು ಸಾಲದು ಎಂಬ ದೂರಿಗೆ ಕಾನೂನಿನಲ್ಲೇ ಉತ್ತರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಬೋಧನೆಯನ್ನು ಗೊತ್ತುಮಾಡಿದೆ. ದಿನಕ್ಕೆ 20 ನಿಮಿಷವೆಂದರೆ ಅದರಲ್ಲಿ ಹನ್ನೆರಡರಲ್ಲೊಂದು ಪಾಲು. ಪ್ರತಿ ಶಾಲೆಯಲ್ಲೂ ಪತ್ರಿಕೆ, ಕತೆಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಪುಸ್ತಕ ಸಾಲದಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವಿದೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಗುತ್ತದೆ. ಆನವಟ್ಟಿ ಹೋಬಳಿಯ ಮುಖ್ಯ ಶಿಕ್ಷಕರೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೂ ಬರುವ ಜೂನ್‌ನಲ್ಲಿ ವೇಳಾಪಟ್ಟಿ ಬರೆಯುವಾಗ ಬಿಸಿಯೂಟದ ನಂತರದ ಮೊದಲ 20 ನಿಮಿಷವನ್ನು ಇದಕ್ಕೆ ಮೀಸಲಿಡಲಿ, ವರ್ಷವಿಡೀ ಅದನ್ನು ಬೇರೆ ಪಾಠಕ್ಕೆ ಬಿಟ್ಟುಕೊಡದಿರಲಿ.